ನಾಚಿಕೆ ಮುಳ್ಳಿನ ಮನೆಮದ್ದು: ಗಿಡ ಗುರುತು ಹಿಡಿಯೋದ್ರಿಂದ ಡಾಕ್ಟ್ರ ಹತ್ರ ಹೋಗೋ ತನಕ

ನಾಚಿಕೆ ಮುಳ್ಳಿನ ಬಗ್ಗೆ ವಾಟ್ಸಾಪಲ್ಲಿ ಬರೋ ಫಾರ್ವರ್ಡ್ ನೋಡಿದ್ರೆ ಪೈಲ್ಸಿಂದ ಹಿಡಿದು ಹಾವು ಕಚ್ಚಿದ್ದರ ತನಕ ಎಲ್ಲದಕ್ಕೂ ಇದೊಂದೇ ಗಿಡ ಸಾಕು ಅನ್ನೋ ಥರ ಇರತ್ತೆ. ಆದ್ರೆ ಅದನ್ನ ಓದಿ ನಿಜವಾಗ್ಲೂ ಗಿಡ ಕೀಳೋಕೆ ಹೊರಟವರಿಗೆ ಬೇಕಾಗಿರೋದು, ಅಂದ್ರೆ ಯಾವ ಗಿಡ, ಎಲ್ಲಿಂದ ಕೀಳ್ಬೇಕು, ಯಾವ ಭಾಗ ತಗೋಬೇಕು, ಹೇಗೆ ತೊಳಿಬೇಕು, ಯಾವಾಗ ಇದನ್ನೆಲ್ಲ ಬಿಟ್ಟು ಆಸ್ಪತ್ರೆಗೆ ಹೋಗ್ಬೇಕು, ಇದ್ರಲ್ಲಿ ಒಂದೂ ಅಲ್ಲಿ ಇರಲ್ಲ. ಅದಕ್ಕೇ ಇದನ್ನ ಬರೀತಾ ಇದೀನಿ. ನನ್ನ ಲೆಕ್ಕ ಮೊದ್ಲೇ ಹೇಳ್ಬಿಡ್ತೀನಿ: ಚರ್ಮದ ಮೇಲೆ ಹಚ್ಚೋಕೆ, ಬಾಯಿ ಮುಕ್ಕಳಿಸೋಕೆ ಮನೇಲೇ ಮಾಡ್ಕೋಬಹುದು, ಹೊಟ್ಟೆಗೆ ಹೋಗೋದಾದ್ರೆ ಕಲಿತ ವೈದ್ಯರನ್ನ ಕೇಳದೆ ಬೇಡ.

ಮೊದ್ಲು ಗಿಡ ಇದೇನಾ ನೋಡ್ಕೊಳಿ

ಮುಟ್ಟಿದ್ರೆ ಮುದುಡ್ತು, ಹಾಗಾಗಿ ಇದೇ ಗಿಡ ಅನ್ನೋದು ಸಾಲಲ್ಲ, ಮುದುಡೋ ಗಿಡ ಬೇರೇನೂ ಇವೆ. ನಮ್ಗೆ ಬೇಕಾದ್ದು ನೆಲದ ಮೇಲೆ ಹರಡ್ಕೊಂಡು ಬೆಳಿಯೋ ಗಿಡ, ಆಸರೆ ಸಿಕ್ಕಿದ್ರೆ ಮೊಣಕಾಲೆತ್ತರಕ್ಕೆ ಬರತ್ತೆ ಅಷ್ಟೇ. ಕಾಂಡ ಗುಂಡಗೆ, ತೆಳ್ಳಗೆ, ಬಿಸಿಲಿಗೆ ಬಿದ್ದ ಕಡೆ ಕೆಂಪಗೆ, ಅಲ್ಲಲ್ಲಿ ಗಟ್ಟಿ ಮುಳ್ಳು. ಎಲೆ ತೊಟ್ಟಿನ ತುದೀಲಿ ಎರಡೋ ನಾಲ್ಕೋ ಕಡ್ಡಿ, ಕೈಬೆರಳು ಬಿಡಿಸಿ ಹಿಡಿದ ಹಾಗೆ ಒಂದೇ ಕಡೆಯಿಂದ ಹೊರಟಿರತ್ತೆ, ಪ್ರತಿ ಕಡ್ಡಿಯ ಎರಡೂ ಬದೀಲಿ ಹತ್ತರಿಂದ ಇಪ್ಪತ್ತೈದು ಜೊತೆ ಸಣ್ಣ ಎಲೆ.

ಹೂವು ತಿಳಿ ಗುಲಾಬಿ ನೇರಳೆ ಬಣ್ಣದ ಉಂಡೆ, ಸುಮಾರು ಒಂದು ಸೆಂಟಿಮೀಟರ್ ಇರತ್ತೆ. ಹತ್ರದಿಂದ ನೋಡಿದ್ರೆ ಗೊತ್ತಾಗತ್ತೆ ಅದು ಒಂದು ಹೂವಲ್ಲ, ತುಂಬ ಪುಟ್ಟ ಹೂಗಳು ಒಟ್ಟಿಗೆ ಕೂತಿರೋದು, ನೂಲು ನೂಲಾಗಿ ಕಾಣೋದೆಲ್ಲ ಕೇಸರ, ತುದೀಲಿ ಹಳದಿ ಚುಕ್ಕೆ. ಬೆಳಿಗ್ಗೆ ಹೊತ್ತು ಬ್ಯಾಣದಲ್ಲಿ (ದನ ಮೇಯೋ ಹುಲ್ಲಿನ ಜಾಗ) ನಿಂತ್ರೆ ತುಡುವೆ ಜೇನು ಈ ಹೂವಿಂದ ಪರಾಗ ಕಟ್ಕೊಂಡು ಹೋಗೋದು ಕಾಣತ್ತೆ, ಜೇನು ಸಾಕೋರು ಈ ಕಳೇನ ಪೂರ್ತಿ ಕೊಚ್ಚಿ ಹಾಕೋಕೆ ಬಿಡದೇ ಇರೋದು ಅದಕ್ಕೇ. ಕಾಯಿ ಇನ್ನೂ ಒಳ್ಳೆ ಗುರುತು. ಒಂದೂವರೆ ಸೆಂಟಿಮೀಟರ್ ಉದ್ದದ ಚಪ್ಪಟೆ ಕಾಯಿ ಗೊಂಚಲು ಗೊಂಚಲಾಗಿ ಬಿಡತ್ತೆ, ಅಂಚಿಗೆ ಮಾತ್ರ ಒರಟು ಮುಳ್ಳುರೋಮ, ಒಣಗಿದ್ಮೇಲೆ ಅದು ಮೂರರಿಂದ ಐದು ತುಂಡಾಗಿ ಕಳಚಿ ಬೀಳತ್ತೆ, ಒಂದೊಂದು ತುಂಡಲ್ಲೂ ಒಂದೊಂದು ಬೀಜ, ಅಂಚಿನ ಚೌಕಟ್ಟು ಮಾತ್ರ ಖಾಲಿಯಾಗಿ ಗಿಡದ ಮೇಲೇ ನಿಂತಿರತ್ತೆ. ಪ್ಯಾಂಟಿಗೆ, ದನದ ಮೈಗೆ ಅಂಟ್ಕೊಂಡು ಊರು ತುಂಬ ಹರಡೋದು ಆ ತುಂಡುಗಳೇ.

ಮುಟ್ಟಿ ನೋಡೋದಾದ್ರೂ ಸುಮ್ನೆ ತಟ್ಬೇಡಿ. ತುದಿಯ ಒಂದು ಜೊತೆ ಎಲೇನ ಮಾತ್ರ ಉಗುರಿಂದ ಮೆಲ್ಲಗೆ ತಾಗಿಸಿ ನೋಡಿ, ಅಲ್ಲಿಂದ ಜೊತೆ ಜೊತೆಯಾಗಿ ಮುಚ್ಕೊಳ್ತಾ ಬುಡದ ಕಡೆ ಬರತ್ತೆ. ಸ್ವಲ್ಪ ಜೋರಾಗಿ ತಟ್ಟಿದ್ರೆ ಇಡೀ ತೊಟ್ಟೇ ಕೆಳಗೆ ಬೀಳತ್ತೆ. ತೊಟ್ಟಿನ ಬುಡದಲ್ಲಿ, ಪ್ರತಿ ಸಣ್ಣ ಎಲೆಯ ಬುಡದಲ್ಲೂ, ಒಂದು ಉಬ್ಬು ಇದೆ, ಕೆಲಸ ನಡಿಯೋದು ಅಲ್ಲಿ. ಮುಟ್ಟಿದ ಕೂಡ್ಲೇ ವಿದ್ಯುತ್ ಸಂಕೇತ ಹೋಗತ್ತೆ, ಉಬ್ಬಿನ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಹೊರಗೆ ಬರತ್ತೆ, ಅದರ ಹಿಂದೆ ನೀರೂ ಹೊರಗೆ, ಆ ಬದಿ ಸೊರಗಿ ಎಲೆ ಮಡಚತ್ತೆ. ಮತ್ತೆ ನೀರು ತುಂಬ್ಕೊಂಡು ಬಿಚ್ಕೊಳೋಕೆ ಹತ್ತಿಪ್ಪತ್ತು ನಿಮಿಷ ಬೇಕು. ಜಗದೀಶ ಚಂದ್ರ ಬೋಸ್ ಅವ್ರು ಗಿಡದಲ್ಲಿ ವಿದ್ಯುತ್ ಸಂಕೇತ ಓಡೋದನ್ನ ಯಂತ್ರ ಕಟ್ಟಿ ಬರೆಸಿ ತೋರಿಸಿದ್ದು ಈ ಗಿಡದ ಮೇಲೂ ಪ್ರಯೋಗ ಮಾಡೇನೇ. ಇಷ್ಟೆಲ್ಲ ಯಾಕೆ ಮಾಡತ್ತೆ ಅನ್ನೋದಕ್ಕೆ ಜಪಾನಿನ ಸಂಶೋಧಕರು 2022ರಲ್ಲಿ ಚೆನ್ನಾಗಿರೋ ಉತ್ರ ಕೊಟ್ರು. ಉಬ್ಬೇ ಇಲ್ಲದ ಹಾಗೆ ಬದಲಾಯಿಸಿದ ಗಿಡ ಮುದುಡಲಿಲ್ಲ, ಮಿಡತೆ ಅಂಥ ಗಿಡನೇ ಜಾಸ್ತಿ ತಿಂದವು. ಸಂಜೆ ಮೇಲೆ ಹೋದ್ರೆ ಮುಟ್ಟದೇನೂ ಮುಚ್ಕೊಂಡಿರತ್ತೆ, ಹಾಗಾಗಿ ಗುರುತು ಹಿಡಿಯೋ ಕೆಲಸ ಬೆಳಗಿನ ಬಿಸಿಲಲ್ಲಿ ಮಾಡಿ.

ಇದ್ರ ಹಾಗೇ ಕಾಣೋ ಗಿಡಗಳು

ಮುಖ್ಯವಾಗಿ ಎಚ್ಚರ ಇರ್ಬೇಕಾದ್ದು ದೊಡ್ಡ ನಾಚಿಕೆ ಮುಳ್ಳಿನ ಬಗ್ಗೆ. ಹೂವು ಹೆಚ್ಚುಕಮ್ಮಿ ಅದೇ ಥರ ಗುಲಾಬಿ ಉಂಡೆ, ಎಲೆನೂ ಮುದುಡತ್ತೆ ಆದ್ರೆ ನಿಧಾನ. ಕಾಂಡ ಕೈಯಲ್ಲಿ ತಿರುಗಿಸಿ ನೋಡಿ (ಗ್ಲೌಸ್ ಹಾಕ್ಕೊಂಡೇ ನೋಡಿ), ಗುಂಡಗಿಲ್ಲ, ನಾಲ್ಕೈದು ಮೂಲೆ ಇರತ್ತೆ, ಮೂಲೆಯುದ್ದಕ್ಕೂ ಹಿಂದಕ್ಕೆ ಬಾಗಿದ ಮುಳ್ಳಿನ ಸಾಲು. ಎಲೆ ಕಡ್ಡಿ ನಾಲ್ಕಲ್ಲ, ಅದಕ್ಕಿಂತ ಜಾಸ್ತಿ ಜೊತೆ. ಇದು ಹರಡ್ಕೊಂಡು ಕೂರಲ್ಲ, ಬೇರೆ ಗಿಡದ ಮೇಲೆ ಹತ್ತಿ ಆಳೆತ್ತರದ ಪೊದೆ ಮಾಡತ್ತೆ. ದನ, ಕುರಿಗೆ ವಿಷ. ಅಸ್ಸಾಮಿನ ಕಾಜಿರಂಗದಲ್ಲಿ ಖಡ್ಗಮೃಗದ ಹುಲ್ಲುಗಾವಲಿಗೇ ಇದು ತಲೆನೋವಾಗಿದೆ, ಕೇರಳದಲ್ಲಿ, ನಮ್ಮ ಕರಾವಳಿ ಕಡೆನೂ ಕಾಣತ್ತೆ. ಮದ್ದಿಗೆ ಇದು ಬೇಡ, ತೋಟದ ಬದೀಲಿ ಕಂಡ್ರೆ ಹೂ ಬಿಡೋಕೆ ಮುಂಚೆ ಕಿತ್ತು ಹಾಕಿ.

ಇನ್ನೊಂದು, ಹಳದಿ ಹೂವಿನ ಪುಟ್ಟ ಗಿಡ, ಒಂದೇ ಕಡ್ಡಿ ಮೇಲೆ ಕೊಡೆ ಬಿಚ್ಚಿದ ಹಾಗೆ ಎಲೆ, ಮುಳ್ಳಿಲ್ಲ, ಮುಟ್ಟಿದ್ರೆ ನಿಧಾನವಾಗಿ ಕೆಳಗೆ ಬಾಗತ್ತೆ. ಕೇರಳದವರು ಇದಕ್ಕೆ ಮುಕ್ಕುಟ್ಟಿ ಅಂತಾರೆ, ಅವರು ದಶಪುಷ್ಪ ಅನ್ನೋ ಹತ್ತು ಗಿಡಗಳಲ್ಲಿ ಒಂದು. ಇದೂ ಮದ್ದಿನ ಗಿಡನೇ ಆದ್ರೆ ಜಾತಿನೇ ಬೇರೆ, ಒಂದರ ಬದಲು ಇನ್ನೊಂದು ಹಾಕೋ ಹಾಗಿಲ್ಲ. ಕೆರೆ ನೀರಲ್ಲಿ ತೇಲೋ, ಹಳದಿ ಹೂವಿನ, ಮುದುಡೋ ಗಿಡ ಮೂರನೇದು, ಅದೂ ಇದಲ್ಲ. ನೆಲನೆಲ್ಲಿ ಜೊತೆ ಗೊಂದಲ ಮಾಡ್ಕೊಳೋರೂ ಇದಾರೆ, ಅದರ ಎಲೆ ಅಡಿಯಲ್ಲಿ ಸಾಲಾಗಿ ಗುಂಡು ಕಾಯಿ ಇರತ್ತೆ, ಮುಟ್ಟಿದ್ರೆ ಹಿಂಗೆ ಪಟಕ್ಕಂತ ಮುಚ್ಚಲ್ಲ.

ರಸ್ತೆ ಬದೀದು ಬೇಡ

ಈ ಗಿಡ ಚೆನ್ನಾಗಿ ಸಿಗೋದೇ ರಸ್ತೆ ಬದೀಲಿ, ಅದೇ ಕಷ್ಟ. ವಾಹನ ಓಡಾಡೋ ರಸ್ತೆ ಬದಿ ಮಣ್ಣಲ್ಲಿ ಹಳೇ ಸೀಸದ ಪೆಟ್ರೋಲಿನ ಕಾಲದ ಸೀಸ ಇನ್ನೂ ಕೂತಿರಬಹುದು, ನಮ್ಮಲ್ಲಿ ಆ ಪೆಟ್ರೋಲ್ ನಿಂತಿದ್ದು 2000ದಲ್ಲಿ, ಮಣ್ಣಿಗೆ ಸೇರಿದ ಸೀಸ ಎಲ್ಲೂ ಹೋಗಲ್ಲ. ಟೈರಿನ ಪುಡಿ, ಎಣ್ಣೆ, ಚರಂಡಿ ನೀರು, ನಾಯಿಗಳ ಕಾರುಬಾರು ಬೇರೆ. ಗಾಯಕ್ಕೆ ಹಚ್ಚೋಕೆ ತರೋ ಸೊಪ್ಪು ಅಲ್ಲಿಂದ ಯಾಕೆ?

ತೋಟದ್ದು ಅಂದ್ರೆ ಶುದ್ಧ ಅಂತಾನೂ ಅಂದ್ಕೋಬೇಡಿ. ಈಗ ಅಡಿಕೆ ತೋಟಕ್ಕೆ, ಶುಂಠಿ ಗದ್ದೆ ಬದಿಗೆ ಕಳೆನಾಶಕ ಹೊಡಿಯೋದು ಮಾಮೂಲಿ. ಗ್ಲೈಫೋಸೇಟ್ ಹೊಡೆದ್ರೆ ಗಿಡ ಮಾರನೇ ದಿನ ಒಣಗಲ್ಲ, ಹಳದಿಯಾಗೋಕೆ ಒಂದು ವಾರ, ಕೆಲವು ಸಲ ಇನ್ನೂ ಜಾಸ್ತಿ ಬೇಕು, ಅಲ್ಲಿ ತನಕ ಹಸಿರಾಗಿ ಚೆಂದ ಕಾಣತ್ತೆ. ಪ್ಯಾರಾಕ್ವಾಟ್ ಅನ್ನೋ ಇನ್ನೊಂದು ಕಳೆನಾಶಕ ಅಂತೂ ಮನುಷ್ಯರ ಹೊಟ್ಟೆಗೆ ಹೋದ್ರೆ ಅದಕ್ಕೆ ಪ್ರತಿವಿಷನೇ ಇಲ್ಲ. ಹಾಗಾಗಿ ಯಾರದ್ದೇ ಜಾಗ ಆಗ್ಲಿ ತೋಟದವರನ್ನ ಕೇಳಿ, ಈ ವರ್ಷ ಏನಾದ್ರೂ ಹೊಡೆದಿದ್ರಾ ಅಂತ. ಬರೀ ಕಳೆ ಕೊಚ್ಚೋ ಮೆಷಿನ್ ಓಡಿಸೋ ತೋಟ, ದನ ಮೇಯೋ ಬ್ಯಾಣದ ಮೇಲಿನ ಭಾಗ, ಮನೆ ಹಿಂದಿನ ಧರೆ, ಇಂಥ ಕಡೆ ಕೀಳಿ. ಬೆಂಗಳೂರಲ್ಲಿ ಇರೋರಿಗೆ ಖಾಲಿ ಸೈಟಿನ ಗಿಡ ಕಾಣತ್ತೆ, ಆದ್ರೆ ಆ ಸೈಟಲ್ಲಿ ಏನೇನು ಸುರಿದಿದಾರೆ ಅಂತ ಯಾರಿಗೂ ಗೊತ್ತಿರಲ್ಲ, ಕುಂಡದಲ್ಲಿ ಬೆಳೆಸ್ಕೊಳ್ಳೋದೇ ವಾಸಿ, ಅದನ್ನ ಕೊನೇಲಿ ಹೇಳ್ತೀನಿ.

ಕೀಳೋದು, ತೊಳೆಯೋದು, ಒಣಗಿಸೋದು

ಸೊಪ್ಪು ಬೇಕಾದ್ರೆ ಮಳೆ ನಿಂತು ಇಬ್ಬನಿ ಆರಿದ ಮೇಲೆ ಕತ್ತರಿಯಿಂದ ತುದಿ ಕತ್ತರಿಸ್ಕೊಳಿ. ಕೈಯಲ್ಲಿ ಎಳೆದ್ರೆ ಮುಳ್ಳು ಬೆರಳ ಸಂದಿಗೇ ಹೋಗತ್ತೆ, ಮುರಿದು ಒಳಗೇ ಉಳಿದ್ರೆ ಕೀವಾಗತ್ತೆ. ದಪ್ಪ ಗ್ಲೌಸ್ ಇದ್ರೆ ಹಾಕ್ಕೊಳಿ. ಎಲೆ ಬಿಡಿಸೋಕೆ ತೊಟ್ಟನ್ನ ತುದೀಲಿ ಹಿಡಿದು ಇನ್ನೊಂದು ಕೈಯಿಂದ ಬುಡದ ಕಡೆ ಉಜ್ಜಿದ್ರೆ ಎಲೆ ಉದುರತ್ತೆ, ಮುಳ್ಳಿರೋ ಕಾಂಡ ಬೇರೆ ಹಾಕಿ.

ಬೇರು ಬೇಕಾದ್ರೆ ಮಳೆ ಬಿದ್ದು ಮಣ್ಣು ಮೆತ್ತಗಿರೋವಾಗ ಗುದ್ದಲಿ ತಗೊಂಡು ಹೋಗಿ, ಬೇಸಿಗೇಲಿ ಜಂಬಿಟ್ಟಿಗೆ ನೆಲದಲ್ಲಿ ತಾಯಿಬೇರು ಆಳಕ್ಕೆ ಹೋಗಿರತ್ತೆ, ಎಳೆದ್ರೆ ನಾರು ಮಾತ್ರ ಕೈಗೆ ಬರತ್ತೆ. ಕಿತ್ತ ಕೂಡ್ಲೇ ಮೂಗಿಗೆ ಒಂದು ಕೆಟ್ಟ ವಾಸನೆ ಹೊಡಿಯತ್ತೆ, ಹೂಸಿನ ವಾಸನೆ ಅಂದ್ರೂ ತಪ್ಪಿಲ್ಲ. ಗಿಡ ಕೊಳೆತಿದೆ ಅಂತ ಬಿಸಾಕ್ಬೇಡಿ, ಈ ಬೇರಿನ ಗುಣನೇ ಅದು. ಮನುಷ್ಯರ ಬೆರಳು ತಾಗಿದ್ರೆ ಬೇರು ಗಂಧಕದ ವಾಸನೆ ಬಿಡತ್ತೆ, ಗಾಜು ಅಥ್ವಾ ಲೋಹ ತಾಗಿಸಿದ್ರೆ ಬಿಡಲ್ಲ ಅಂತ 2016ರಲ್ಲಿ ಅಮೆರಿಕದ ಸಂಶೋಧಕರು ಬರೆದಿದಾರೆ. ಮೇಲಿನ ಎಲೆ ಅಷ್ಟೇ ಅಲ್ಲ, ಮಣ್ಣಿನ ಒಳಗೂ ಈ ಗಿಡಕ್ಕೆ ಮುಟ್ಟಿದ್ದು ಗೊತ್ತಾಗತ್ತೆ. ಬೇರಲ್ಲಿ ಅಲ್ಲಲ್ಲಿ ಸಣ್ಣ ಗಂಟು ಇರತ್ತೆ, ಅದು ರೋಗ ಅಲ್ಲ, ಅವರೆ, ತೊಗರಿ ಬೇರಲ್ಲಿ ಇರೋ ಹಾಗೆ ಸಾರಜನಕ ಹಿಡಿಯೋ ಗಂಟು, ಇದೂ ಅದೇ ಕುಟುಂಬದ್ದು.

ತೊಳೆಯೋದ್ರಲ್ಲಿ ಸೋಮಾರಿತನ ಬೇಡ. ಸೊಪ್ಪನ್ನ ಅಗಲ ಪಾತ್ರೇಲಿ ನೀರಲ್ಲಿ ಮುಳುಗಿಸಿ ಎತ್ತಿ, ನೀರು ಚೆಲ್ಲಿ, ಮಣ್ಣು ಬರೋದು ನಿಲ್ಲೋ ತನಕ ಮಾಡಿ, ಕೊನೇ ಸಲ ಕುದಿಸಿ ಆರಿಸಿದ ನೀರಲ್ಲಿ. ಬೇರನ್ನ ಹಳೇ ಟೂತ್‌ಬ್ರಷ್ ತಗೊಂಡು ಉಜ್ಜಿ. ಒಣಗಿಸಿ ಇಡೋದಾದ್ರೆ ಬೇರನ್ನ ಹಸಿ ಇರೋವಾಗ್ಲೇ ಸಣ್ಣ ತುಂಡು ಮಾಡ್ಕೊಳಿ, ಒಣಗಿದ್ಮೇಲೆ ಕತ್ತಿಗೂ ಬಗ್ಗಲ್ಲ. ನೆರಳಲ್ಲಿ, ಗಾಳಿಯಾಡೋ ಕಡೆ, ಬಟ್ಟೆ ಮೇಲೆ ಹರಡಿ. ಮಲೆನಾಡಿನ ಜೋರು ಮಳೇಲಿ ಏನು ಹರಡಿದ್ರೂ ಬೂಸ್ಟು ಹಿಡಿಯತ್ತೆ, ಆಗ ಒಲೆ ಮೇಲಿನ ಅಟ್ಟ ಇದ್ರೆ ಉಪಯೋಗ್ಸಿ, ಇಲ್ದಿದ್ರೆ ಮಳೆ ಬಿಡೋ ತನಕ ತಡೀರಿ. ಬೂಸ್ಟು ಬಂದಿದ್ದನ್ನ ಒರೆಸಿ ಉಪಯೋಗ್ಸೋದು ಬೇಡ, ಗೊಬ್ಬರದ ಗುಂಡಿಗೆ ಹಾಕಿ.

ಗಾಯಕ್ಕೆ, ಊತಕ್ಕೆ ಹಚ್ಚೋದು

ನಮ್ಮ ಕಡೆ ಹಳಬರು ಜಾಸ್ತಿ ಮಾಡ್ತಿದ್ದಿದ್ದು ಇದು. ಕತ್ತಿ ತಾಗಿ ಸಣ್ಣಗೆ ಕೊಯ್ಕೊಂಡ್ರೆ ಸೊಪ್ಪು ಅಂಗೈಲಿ ಉಜ್ಜಿ ರಸ ಹಿಂಡೋದು. ರಕ್ತ ನಿಲ್ಲೋದಕ್ಕೆ ಕಾರಣ ಇದೆ, ಗಿಡದ ತುಂಬ ಟ್ಯಾನಿನ್, ನಾಲಿಗೆಗೆ ಒಗರು ಕೊಡೋದು ಅದೇ, ಅದು ಚರ್ಮ, ರಕ್ತನಾಳ ಎರಡನ್ನೂ ಬಿಗಿ ಮಾಡತ್ತೆ.

ಮಾಡೋ ರೀತಿ ಹೀಗೆ. ಮೊದ್ಲು ಗಾಯನ ಹರಿಯೋ ನೀರಲ್ಲಿ ಸೋಪು ಹಾಕಿ ತೊಳೀರಿ, ಇದನ್ನ ಬಿಟ್ಟು ಸೊಪ್ಪು ಹಚ್ಚಿದ್ರೆ ಕೊಳೆ ಒಳಗಿಟ್ಟು ಮುಚ್ಚಿದ ಹಾಗೆ. ಒಂದು ಹಿಡಿ ತೊಳೆದ ಎಲೆ ತಗೊಳಿ, ಬಿಸಿನೀರು ಹಾಕಿ ತೊಳೆದ ಕಲ್ಲಲ್ಲಿ ಅಥ್ವಾ ಸಣ್ಣ ಒರಳಲ್ಲಿ ಅರೀರಿ, ಬೇಕಾದ್ರೆ ಕುದಿಸಿ ಆರಿಸಿದ ನೀರು ಒಂದೆರಡು ಚಮಚ. ಮಿಕ್ಸಿ ಆಗತ್ತೆ ಆದ್ರೆ ಖಾರ ರುಬ್ಬೋ ಜಾರ್ ಬೇಡ, ಎಷ್ಟು ತೊಳೆದಿದ್ರೂ ಮೆಣಸಿನಕಾಯಿ ಅಂಶ ಇರತ್ತೆ, ಗಾಯಕ್ಕೆ ಹಚ್ಚಿದ್ರೆ ಮನೆಯವರ ಬಾಯಲ್ಲಿ ಏನು ಕೇಳ್ಬೇಕಾಗತ್ತೋ ನಿಮ್ಗೇ ಗೊತ್ತು. ಅರೆದಿದ್ದನ್ನ ತೆಳ್ಳಗಿನ ಶುದ್ಧ ಬಟ್ಟೇಲಿ ಇಟ್ಟು ಮೇಲ್ಮೇಲಿನ ತರಚುಗಾಯದ ಮೇಲೆ ಒತ್ತಿ ಹಿಡೀರಿ, ಒಂದರ್ಧ ಗಂಟೆ, ಆಮೇಲೆ ತೊಳೆದು ಒಣಗೋಕೆ ಬಿಡಿ. ಅರೆದಿದ್ದು ಆ ಹೊತ್ತಿಗೆ ಮಾತ್ರ, ಫ್ರಿಜ್ಜಲ್ಲಿಟ್ಟು ನಾಳೆ ಹಚ್ಚೋದು ಬೇಡ. ಮೊದಲ ಸಲ ಹಚ್ಚೋರು ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ಕೆಂಪಾಗಿ ತುರಿಸಿದ್ರೆ ನಿಮ್ಮ ಮೈಗೆ ಆಗಲ್ಲ ಅಂತ ಅರ್ಥ.

ಆಳವಾದ ಗಾಯ, ತುಕ್ಕು ಮೊಳೆ ಚುಚ್ಚಿದ್ದು, ಗೊಬ್ಬರ ಮೆತ್ಕೊಂಡ ಗಾಯ, ನಾಯಿ ಕಚ್ಚಿದ್ದು, ಇದಕ್ಕೆಲ್ಲ ಇದು ಬೇಡವೇ ಬೇಡ. ಧನುರ್ವಾಯು ತರೋ ಬ್ಯಾಕ್ಟೀರಿಯಾ ಇರೋದೇ ಮಣ್ಣಲ್ಲಿ, ನೀವು ಸೊಪ್ಪು ತಂದಿದ್ದೂ ಮಣ್ಣಿಂದ. ಟಿಟಿ ಇಂಜೆಕ್ಷನ್ ಹಾಕಿಸ್ಕೊಳಿ, ನಾಯಿ ಕಚ್ಚಿದ್ರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಸೀದಾ ಆಸ್ಪತ್ರೆಗೆ. ಶುಗರ್ ಇರೋರ ಕಾಲಿನ ಗಾಯಕ್ಕೂ ಯಾವ ಸೊಪ್ಪೂ ಬೇಡ.

ಊತಕ್ಕೆ ಇದೇ ಅರೆದ ಸೊಪ್ಪನ್ನ ಉಗುರುಬೆಚ್ಚಗೆ ಮಾಡಿ ಕಟ್ಟೋದು ರೂಢಿ, ಕಾಲು ಉಳುಕಿದ್ದಕ್ಕೆ, ಗಂಟು ಊದಿದ್ದಕ್ಕೆ. ವೃಷಣ ಊದಿದ್ದಕ್ಕೂ ಕಟ್ತಾರೆ, ಹಳೇ ಪದ್ಧತಿ. ಅಲ್ಲಿ ಒಂದು ಮಾತು ನೆನಪಿಟ್ಕೊಳಿ, ಹುಡುಗರಿಗೆ ಇದ್ದಕ್ಕಿದ್ದ ಹಾಗೆ ಅಲ್ಲಿ ನೋವು ಬಂದು ಊದಿದ್ರೆ ಅದು ಒಳಗೆ ತಿರುಚಿಕೊಂಡಿರಬಹುದು, ಸುಮಾರು ಆರು ಗಂಟೆ ಒಳಗೆ ಆಪರೇಷನ್ ಆದ್ರೆ ಉಳಿಯೋ ಸಾಧ್ಯತೆ ಜಾಸ್ತಿ, ನಾಚ್ಕೊಂಡು ಸೊಪ್ಪು ಕಟ್ಕೊಂಡು ಕೂತ್ರೆ ಕಳ್ಕೋಬೇಕಾಗತ್ತೆ.

ತೊಳೆಯೋಕೆ, ಮುಕ್ಕಳಿಸೋಕೆ ಕಷಾಯ

ಒಂದು ಹಿಡಿ ಹಸಿ ಗಿಡ, ಎಲೆ ಕಾಂಡ ಬೇರು ಎಲ್ಲ ಸೇರಿ ಆಗತ್ತೆ, ಜಜ್ಜಿ ನಾಲ್ಕು ಲೋಟ ನೀರಿಗೆ ಹಾಕಿ ಎರಡು ಲೋಟ ಆಗೋ ತನಕ ಸಣ್ಣ ಉರೀಲಿ ಕುದಿಸಿ, ಬಟ್ಟೇಲಿ ಸೋಸಿ. ಬಟ್ಟೇಲೇ ಸೋಸಿ, ಟೀ ಸೋಸೋ ಜಾಲರೀಲಿ ಮುಳ್ಳು ದಾಟಿ ಬರತ್ತೆ. ಪಾತ್ರೆ ಸ್ಟೀಲ್ ಅಥ್ವಾ ಮಣ್ಣಿಂದು ಇರ್ಲಿ. ಕಬ್ಬಿಣದ ಬಾಣಲೇಲಿ ಕುದಿಸಿದ್ರೆ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಇಂಕಿನ ಹಾಗೆ ಕಪ್ಪಾಗತ್ತೆ. ಪೈಲ್ಸ್ ಇರೋರು ಇದನ್ನ ಬೆಚ್ಚಗಿನ ನೀರಿನ ಟಬ್ಬಿಗೆ ಸೇರಿಸಿ ಹತ್ತು ನಿಮಿಷ ಕೂರೋದುಂಟು, ಉರಿ ಕಮ್ಮಿ ಆಗತ್ತೆ ಅಂತಾರೆ, ಬೆಚ್ಚಗಿನ ನೀರಲ್ಲಿ ಕೂರೋದಂತೂ ಡಾಕ್ಟ್ರೂ ಹೇಳೋ ವಿಷ್ಯನೇ ಆದ್ರಿಂದ ನಷ್ಟ ಇಲ್ಲ.

ಹಲ್ಲು ನೋವಿಗೆ, ವಸಡಲ್ಲಿ ರಕ್ತ ಬರೋದಕ್ಕೆ ಬೇರಿನ ಕಷಾಯ. ಎರಡಿಂಚಿನ ಎರಡ್ಮೂರು ತುಂಡು ಜಜ್ಜಿ ಎರಡು ಲೋಟ ನೀರು ಒಂದು ಲೋಟ ಆಗೋ ಹಾಗೆ ಕುದಿಸಿ, ಬೆಚ್ಚಗಿರೋವಾಗ ಬಾಯಲ್ಲಿ ಇಟ್ಕೊಂಡು ಉಗೀರಿ, ನುಂಗ್ಬೇಡಿ. ಹಲ್ಲಲ್ಲಿ ತೂತಿದ್ರೆ ತೂತು ಮುಚ್ಚೋ ಶಕ್ತಿ ಯಾವ ಬೇರಿಗೂ ಇಲ್ಲ.

ಹೊಟ್ಟೆಗೆ ಕೊಡೋ ಮದ್ದು, ಯಾಕೆ ಮನೇಲಿ ಬೇಡ

ಆಯುರ್ವೇದದಲ್ಲಿ ಇದನ್ನ ಲಜ್ಜಾಲು ಅಂತಾರೆ. 16ನೇ ಶತಮಾನದ ಭಾವಪ್ರಕಾಶ ಅನ್ನೋ ಆಯುರ್ವೇದ ಗ್ರಂಥದಲ್ಲಿ ಲಜ್ಜಾಲು ಶೀತ, ಕಹಿ, ಒಗರು, ಕಫ ಪಿತ್ತ ಎರಡನ್ನೂ ತಗ್ಗಿಸತ್ತೆ, ರಕ್ತಸ್ರಾವ, ಭೇದಿ, ಹೆಂಗಸರ ತೊಂದರೆಗಳಿಗೆ ಆಗತ್ತೆ ಅಂತ ಇದೆ. ಇದ್ರಲ್ಲಿ ಒಂದು ತಮಾಷೆ ಇದೆ, ಗಿಡದ ಮೂಲ ಅಮೆರಿಕ ಖಂಡದ ಉಷ್ಣವಲಯ, ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಮಿಮೋಸಾ ಪುಡಿಕಾ ಅಂತ 1753ರಲ್ಲಿ ಹೆಸರಿಟ್ಟ. ಹಾಗಾದ್ರೆ ಅಮೆರಿಕದ ಗಿಡ ನಮ್ಮಲ್ಲಿಗೆ ಬರೋಕೆ ಎಷ್ಟೋ ಹಿಂದಿನ ಚರಕ ಸಂಹಿತೇಲಿ ಬರೋ ಸಮಂಗಾ ಅನ್ನೋ ಗಿಡ ಇದೇನಾ ಅಂತ ಪಂಡಿತರಲ್ಲೇ ಚರ್ಚೆ ಇದೆ. ಸಾವಿರಾರು ವರ್ಷದಿಂದ ಋಷಿಗಳು ಇದನ್ನೇ ಬಳಸ್ತಿದ್ರು ಅಂತ ಬರೋ ಪೋಸ್ಟನ್ನ ಹಾಗೇ ನಂಬ್ಬೇಡಿ ಅನ್ನೋಕೆ ಇಷ್ಟು ಹೇಳಿದ್ದು.

ಹಳ್ಳಿ ಕಡೆ ಬಳಕೇಲಿ ಇರೋದು ಇವು: ರಕ್ತ ಬೀಳೋ ಮೂಲವ್ಯಾಧಿಗೆ ಎಲೆ ಅಥ್ವಾ ಬೇರಿನ ಪುಡಿ ಹಾಲಲ್ಲಿ, ಮುಟ್ಟಲ್ಲಿ ಜಾಸ್ತಿ ಹೋಗೋದಕ್ಕೆ ಎಲೆ ರಸ, ಭೇದಿಗೆ ಬೇರಿನ ಕಷಾಯ, ಉರಿಮೂತ್ರಕ್ಕೆ ಅದೇ ಕಷಾಯ. ಒಗರಿನ ಗುಣದಿಂದ ಸ್ವಲ್ಪ ಮಟ್ಟಿಗೆ ಕೆಲಸ ಮಾಡೋದ್ರಲ್ಲಿ ಆಶ್ಚರ್ಯ ಇಲ್ಲ. ನನ್ನ ತಕರಾರು ಮದ್ದಿನ ಮೇಲೆ ಅಲ್ಲ, ರೋಗ ಯಾವ್ದು ಅಂತ ಗೊತ್ತಾಗದೇ ಮದ್ದು ಮಾಡೋದ್ರ ಮೇಲೆ. ಮಲದಲ್ಲಿ ರಕ್ತ ಬಂದಿದ್ದೆಲ್ಲ ಪೈಲ್ಸ್ ಅಲ್ಲ, ಕರುಳಿನ ಕ್ಯಾನ್ಸರಲ್ಲೂ ಹಾಗೇ ಬರತ್ತೆ, ಸೊಪ್ಪಿಂದ ನಾಲ್ಕು ದಿನ ರಕ್ತ ನಿಂತ್ರೆ ಪರೀಕ್ಷೆ ಮುಂದಕ್ಕೆ ಹೋಗತ್ತೆ, ತೊಂದರೆ ಆಗೋದು ಅಲ್ಲೇ. ಮುಟ್ಟು ಜಾಸ್ತಿ ಹೋಗೋದಕ್ಕೂ ಥೈರಾಯ್ಡ್, ಗಡ್ಡೆ, ಏನೇನೋ ಕಾರಣ ಇರತ್ತೆ, ಮೊದ್ಲು ಹಿಮೋಗ್ಲೋಬಿನ್ ನೋಡಿಸಿ, ಸ್ಕ್ಯಾನ್ ಮಾಡಿಸಿ, ಆಮೇಲೆ ಯಾವ ವೈದ್ಯರ ಹತ್ರ ಬೇಕಾದ್ರೂ ಹೋಗಿ. ಭೇದಿಗೆ ಮೊದ್ಲು ಓಆರ್‌ಎಸ್.

ಇನ್ನೊಂದು, ಈ ಗಿಡದಲ್ಲಿ ಮಿಮೋಸಿನ್ ಅನ್ನೋ ಅಂಶ ಇದೆ. ಸುಬಾಬುಲ್ ಸೊಪ್ಪು ಜಾಸ್ತಿ ತಿಂದ ದನ ಕುರಿಗೆ ಕೂದಲು ಉದುರೋದು ರೈತರಿಗೆ ಗೊತ್ತಿರೋ ವಿಷ್ಯ, ಅಲ್ಲಿರೋದೂ ಇದೇ ಮಿಮೋಸಿನ್. ವೈದ್ಯರು ಲೆಕ್ಕ ಹಾಕಿ ಕೊಡೋ ಪ್ರಮಾಣಕ್ಕೂ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಲೋಟ ಜ್ಯೂಸ್ ಕುಡೀರಿ ಅನ್ನೋ ರೀಲ್ಸಿಗೂ ತುಂಬ ವ್ಯತ್ಯಾಸ ಇದೆ. ಬಸುರಿಯರು, ಮಗು ಬೇಕು ಅಂತಿರೋರು, ಹಾಲುಣಿಸೋರು ತಗೊಳ್ಳೋದೇ ಬೇಡ, ಬೇರಿನ ಸಾರ ಹೆಣ್ಣಿಲಿಗಳ ಋತುಚಕ್ರನೇ ಏರುಪೇರು ಮಾಡಿದ್ದು ಪ್ರಯೋಗದಲ್ಲಿ ಕಂಡಿದೆ. ಮಕ್ಕಳಿಗೆ ಬೇಡ. ಶುಗರ್ ಇರೋರು ವಿಶೇಷವಾಗಿ ಕೇಳಿಸ್ಕೊಳಿ, ಇದು ಸಕ್ಕರೆ ಇಳಿಸತ್ತೆ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗದಲ್ಲಿ ಎಲೆಯ ಸಾರ ಸಕ್ಕರೆ ಏರಿಸಿತ್ತು. ಮಲಬದ್ಧತೆ ಇರೋರಿಗೆ ಒಗರು ಇನ್ನೂ ಬಿಗಿ ಮಾಡತ್ತೆ. ಕಬ್ಬಿಣದ ಮಾತ್ರೆ ತಗೊಳೋರಿಗೂ ಟ್ಯಾನಿನ್ ಅಡ್ಡಿ, ಮಾತ್ರೆ ಜೊತೆ ಟೀ ಕುಡಿಬೇಡಿ ಅನ್ನೋದೂ ಇದಕ್ಕೇ.

ಗ್ರಂಧಿಗೆ ಅಂಗಡೀಲಿ ಲಜ್ಜಾಲು ಪುಡಿ ಅಂತ ಸಿಗತ್ತೆ. ಪುಡಿ ಆದ್ಮೇಲೆ ಯಾವ ಗಿಡ, ಯಾವ ಭಾಗ ಅಂತ ನೋಡಿ ಹೇಳೋಕೆ ಆಗಲ್ಲ, ಹಾಗಾಗಿ ವೈದ್ಯರು ಬರ್ಕೊಟ್ರೆ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಾರೀಖು ಇರೋ ಪ್ಯಾಕೆಟ್ಟೇ ತಗೊಳಿ.

ಹಾವು ಕಚ್ಚಿದ್ರೆ ಈ ಗಿಡ ಮರ್ತುಬಿಡಿ

2004ರಲ್ಲಿ ಮೈಸೂರು ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಬಂತು, ನಾಚಿಕೆ ಮುಳ್ಳಿನ ಬೇರಿನ ಸಾರ ನಮ್ಮ ಹಾವುಗಳ ವಿಷದಲ್ಲಿರೋ ಕೆಲವು ಕಿಣ್ವಗಳನ್ನ ತಡೆಯತ್ತೆ ಅಂತ. ಒಳ್ಳೆ ಕೆಲಸ, ಅನುಮಾನ ಇಲ್ಲ. ಆದ್ರೆ ಅದು ಪ್ರಯೋಗಾಲಯದ ಫಲಿತಾಂಶ, ವಿಷ ಮೈಗೇರಿದ ಮನುಷ್ಯರಿಗೆ ಬೇರು ಅರೆದು ಕುಡಿಸಿ ಬದುಕಿಸಿದ್ದಲ್ಲ. ಇದನ್ನೇ ಯಾರೋ ತಿರುಚಿ ವಿಜ್ಞಾನಿಗಳೇ ಒಪ್ಪಿದಾರೆ ಅಂತ ಕಳಿಸ್ತಾರೆ, ಅದನ್ನ ನಂಬಿ ತೋಟದ ಮನೇಲಿ ಬೇರು ಅರೀತಾ ಕೂತ್ರೆ ಹೋಗೋದು ಜೀವ. ಕಟ್ಟುಹಾವು ಕಚ್ಚಿದ್ರೆ ಕಚ್ಚಿದ ಕಡೆ ನೋವು ಊತ ಹೆಚ್ಚಾಗಿ ಇರಲ್ಲ, ಮದ್ದು ಹಿಡೀತು ಅಂತ ಅನ್ಸತ್ತೆ, ಅಷ್ಟರಲ್ಲಿ ಉಸಿರು ಕಟ್ಟೋಕೆ ಶುರುವಾಗತ್ತೆ. ಕಚ್ಚಿದ ಕೈ ಕಾಲು ಅಲ್ಲಾಡಿಸದ ಹಾಗೆ ಇಟ್ಟು, ಉಂಗುರ ಬಳೆ ತೆಗೆದು, ಬಿಗಿಯಾಗಿ ಕಟ್ಟದೆ, ಕೊಯ್ಯದೆ, 108ಕ್ಕೆ ಫೋನ್ ಮಾಡಿ ಪ್ರತಿವಿಷ ಇರೋ ಆಸ್ಪತ್ರೆಗೆ ಹೋಗಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತನ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡ್ಲೇಬೇಕು ಅಂತ ಆಗಿದೆ.

ಬೀಜದ ಕ್ಯಾಪ್ಸೂಲಿನ ವ್ಯಾಪಾರ

ಇದು ಅಮೆರಿಕದಲ್ಲಿರೋ ನಮ್ಮವರಿಗೆ. ಅಲ್ಲಿ ಈ ಗಿಡದ ಬೀಜದ ಪುಡೀನ ಕ್ಯಾಪ್ಸೂಲ್ ಮಾಡಿ ಹೊಟ್ಟೆ ಹುಳ ತೆಗಿಯತ್ತೆ, ಕರುಳು ಕ್ಲೀನ್ ಮಾಡತ್ತೆ ಅಂತ ದುಬಾರಿ ಬೆಲೆಗೆ ಮಾರ್ತಾರೆ. ತಗೊಂಡೋರು ಉದ್ದುದ್ದ ಲೋಳೆ ಹೊರಗೆ ಬಂದಿದ್ದರ ಫೋಟೋ ಹಾಕಿ ನೋಡಿ ಹುಳ ಅಂತಾರೆ. ಮನೇಲೇ ಪರೀಕ್ಷೆ ಮಾಡ್ಬಹುದು, ಕ್ಯಾಪ್ಸೂಲ್ ಬಿಚ್ಚಿ ಪುಡೀನ ಒಂದು ಲೋಟ ನೀರಿಗೆ ಹಾಕಿ ಬಿಡಿ, ಕಾಮಕಸ್ತೂರಿ ಬೀಜ ನೆನೆಸಿದ ಹಾಗೆ ಉಬ್ಬಿ ಅಂಟಂಟು ಲೋಳೆ ಆಗತ್ತೆ. ಹೊಟ್ಟೇಲೂ ಆಗೋದು ಅದೇ. ಹುಳದ ಅನುಮಾನ ಇದ್ರೆ ಮಲ ಪರೀಕ್ಷೆ ಮಾಡಿಸಿ, ಅಲ್ಬೆಂಡಜೋಲ್ ಮಾತ್ರೆ ಎಷ್ಟೋ ಅಗ್ಗ ಇಲ್ಲಿ, ಅಲ್ಲಿ ಡಾಕ್ಟ್ರು ಬರ್ದು ಕೊಡ್ತಾರೆ. ಕ್ಯಾಪ್ಸೂಲ್ ತಗೋಳ್ಳೇಬೇಕು ಅಂತಿದ್ರೆ ನೀರು ಜಾಸ್ತಿ ಕುಡೀರಿ, ಬೇರೆ ಮಾತ್ರೆಗಳ ಜೊತೆಗೆ ನುಂಗ್ಬೇಡಿ, ಲೋಳೆ ಅವನ್ನೂ ಹಿಡ್ಕೊಂಡು ಹೋಗ್ಬಹುದು.

ಕುಂಡದಲ್ಲಿ ಬೆಳೆಸೋದು

ಒಣಗಿದ ಕಾಯಿಂದ ಬೀಜ ಉಜ್ಜಿ ತೆಗೀರಿ. ಸಿಪ್ಪೆ ಗಟ್ಟಿ, ಹಾಗೇ ಹಾಕಿದ್ರೆ ಕೆಲವು ಏಳಲ್ಲ. ಮರಳು ಕಾಗದದ ಮೇಲೆ ಸ್ವಲ್ಪ ತಿಕ್ಕಿ, ಬಿಸಿನೀರು ಹಾಕಿ ಆರೋಕೆ ಬಿಟ್ಟು ರಾತ್ರಿಯೆಲ್ಲ ನೆನೆಸಿ ಬಿತ್ತಿದ್ರೆ ಒಂದೆರಡು ವಾರದಲ್ಲಿ ಮೊಳಕೆ ಬರತ್ತೆ. ಆಳಕ್ಕೆ ಹಾಕ್ಬೇಡಿ, ಮೇಲೆ ತೆಳ್ಳಗೆ ಮಣ್ಣು ಸಾಕು. ಬಿಸಿಲು ಬೇಕು, ನೀರು ನಿಲ್ಬಾರ್ದು, ಗೊಬ್ಬರ ಹೆಚ್ಚು ಬೇಡ. ಬೇರು ಉದ್ದಕ್ಕೆ ಹೋಗೋದ್ರಿಂದ ಆಳ ಇರೋ ಕುಂಡ ತಗೊಳಿ, ಸಸಿ ಕಿತ್ತು ನೆಡೋದು ಅದಕ್ಕೆ ಇಷ್ಟ ಆಗಲ್ಲ, ಬೆಳೆಸೋ ಕುಂಡಕ್ಕೇ ಬಿತ್ತಿ. ಮಕ್ಕಳು ದಿನಾ ಮುಟ್ಟಿ ಮುಟ್ಟಿ ಆಡಿದ್ರೆ ಗಿಡ ಸೊರಗತ್ತೆ, ಮುಚ್ಕೊಂಡಿರೋ ಹೊತ್ತಲ್ಲಿ ಬೆಳಕು ಸರಿಯಾಗಿ ಸಿಗ್ಬೇಕಲ್ಲ, ಅವ್ರಿಗೆ ಅಂತಾನೇ ಬೇರೆ ಕುಂಡ ಇಟ್ರೆ ಜಗಳ ಇಲ್ಲ. ಚಳಿ ದೇಶದಲ್ಲಿರೋರು ಕಿಟಕಿ ಒಳಗೇ ಇಟ್ಕೊಳಿ. ಆಸ್ಟ್ರೇಲಿಯಾ ಕಡೆ ಇರೋರು ಬೀಜ ತರಿಸ್ಕೊಳೋಕೆ ಮುಂಚೆ ಅಲ್ಲಿನ ಕಳೆ ಗಿಡಗಳ ನಿಯಮ ನೋಡ್ಕೊಳಿ, ಏರ್‌ಪೋರ್ಟಲ್ಲಿ ಬೀಜ ಹಿಡಿದ್ರೆ ದಂಡ ಕಟ್ಬೇಕಾಗತ್ತೆ. ಇಲ್ಲೂ ಅಷ್ಟೇ, ಹೂವು ಬಾಡಿ ಕಾಯಿ ಹಸಿರಿರೋವಾಗ್ಲೇ ಕತ್ತರಿಸಿ ತೆಗೀರಿ, ಬಿತ್ತನೆಗೆ ಬೇಕಾದಷ್ಟು ಒಂದು ಗೊಂಚಲು ಬಿಟ್ರೆ ಸಾಕು, ಇಲ್ದಿದ್ರೆ ಮುಂದಿನ ಮಳೆಗಾಲಕ್ಕೆ ಪಕ್ಕದ ಕುಂಡದ ಮಲ್ಲಿಗೆ ಬುಡದಲ್ಲೂ ಇದೇ ಇರತ್ತೆ, ಬರಿಗೈಯಲ್ಲಿ ಹೂ ಕೊಯ್ಯೋಕೆ ಹೋದೋರು ಬೈತಾರೆ.